ಹಚ್ಚೂದು

ಜೂನಿನ ಸಾಲಿಗೆ ಇಡೀ ಸೊಲ್ಲಾಪುರ
ಅಂಗಿ ಹೊಲಿಯೂ ಹೊತ್ತಿದು.
ಮುಂದಿನ ವಾರದಿಂದ ಓವರ್‌ಟೈಮ್, ಸೂಟಿ ಇಲ್ಲ
ಅಂತ ಮುಕಾದಮ ಹೇಳಿದ ಮ್ಯಾಲೆ
ಉಳಿದ ಒಂದ ಐತವಾರಾನ ಏನ್ ಮಾಡೂದು?
ಸಿನೆಮಾ ಅಂದ್ಲು ಜುಲೇಖಾ.
ನೀಲಗಂಗಾ ಬಾಯಾಗಿನ ದಾರ ಕಡದು
'ನರ್ಸರಿಗೆ ಹೋಗೂಣು' ಅಂದ್ಲು.
ನಾವು ದವಾಖಾನಿ ಅಂತ ತಿಳಕೊಂಡು
ಯಾರಿಗೆ ಆರಾಮಿಲ್ಲ ಅಂತ ಕೇಳಿದಿವಿ.

ಅಕ್ಕಲಕೋಟ ರೋಡಿನ ಮ್ಯಾಲೆ, ಕುಂಭಾರಿ ದಾಟಿ,
ಹಸರ ಜಾಳಿಗಿ ಕಟ್ಟಿದ ಎರಡ ಎಕರೆ ನೆರಳು.
ಯುಗಾದಿಗೆ ಇನ್ನಾ ವಾರ ಇತ್ತು,
ಬೇವಿನ ಹೂ ಆಗಲೇ ರೋಡಿಗೆ ಉದರಿ
ಟಾಯರಿಗೆ ಹತ್ತಿ ಹೋಗತಿತ್ತು.
ಹೊರಗ ಹಂಚಿನಂಥ ಬಿಸಲು.
ಒಳಗ ಕಾಲಿಟ್ಟರ
ಈಗಷ್ಟ ಸಾರಿಸಿದ ನೆಲದ ತಂಪು.

ಕುಂಡಿಗೆಲ್ಲಾ ಮರಾಠಿ ಚೀಟಿ:
ಮೋಗರಾ, ಜಾಸ್ವಂದ, ಕಢಿಪತ್ತಾ, ಸದಾಫುಲಿ.
ಚಂಪಾ ಓದತಿದ್ಲು, ಜುಲೇಖಾ ಕನ್ನಡ ಮಾಡತಿದ್ಲು:
ಮಲ್ಲಿಗಿ, ದಾಸಾಳ, ಕರಿಬೇವು…
ಸದಾಫುಲಿಗೆ ಕನ್ನಡದಾಗ ಏನಂತಾರ
ಯಾರಿಗೂ ನೆನಪಾಗಲಿಲ್ಲ.
ನಮ್ಮವ್ವ ಏನೋ ಅಂತಿದ್ಲು,
ಹಿತ್ತಲದಾಗ, ಭಾಂಡೆ ತೊಳದ ನೀರು ಹಾಕೂ ಮುಂದ.
ಹೂವು ಮಾತ್ರ, ಹೆಸರ ಮರತವರ ಕಡೆನೂ
ಐದೂ ಎಸಳ ತೆರದು ನಿಂತಿತ್ತು.

ಮಾಲಕ ಮರಾಠಿಯೊಳಗ ಅರವತ್ತು ಅಂದ.
ನಾವು ನಮ್ಮ ಭಾಷಾಕ್ಕ ಇಳದಿವಿ:
'ಇಪ್ಪತ್ತೂ ಬಾಳೂದಿಲ್ಲ ಈ ಕಡ್ಡಿ.'
'ಮೀಸಿ ನೋಡು, ಗೊಬ್ಬರ ಹಾಕಿ ಬೆಳಸ್ಯಾನ.'
'ಹೊಂಟಂಗ ಮಾಡ್ರಿ, ಹಿಂದಿಂದ ಕರೀತಾನ.'
ಹೊಂಟಂಗ ಮಾಡಿದಿವಿ. ಕರೀಲಿಲ್ಲ.
ಗೇಟಿನ ತನಕಾ ಹೋಗಿ ನಿಂತಿವಿ.
ಆಗ ಹಿಂದಿಂದ, ಅಚ್ಚ ಕನ್ನಡದಾಗ:
'ತಂಗೀ, ಮೀಸಿಗೆ ಗೊಬ್ಬರ ಹಾಕಿಲ್ಲವಾ, ಬರೇ ನೀರು.
ನಮ್ಮವ್ವನ ತವರಮನಿ ಚಡಚಣ.'
ಜುಲೇಖಾ ಓಢಣಿ ಬಾಯಿಗೆ ತುರಕೊಂಡು
ಗುಲಾಬಿ ಸಾಲಿನ ಹಿಂದ ಕೂತೇ ಬಿಟ್ಲು.
ನಗಿ ಮುಗಿಯೂದ್ರಾಗ ಅರವತ್ತು ನಲವತ್ತಾಗಿತ್ತು.
ಸದಾಫುಲಿ ಕನ್ನಡ ಹೆಸರು
ಆತಗೂ ಗೊತ್ತಿರಲಿಲ್ಲ.

ಚಂಪಾ ದಾಳಿಂಬಿ ತಗೊಂಡ್ಲು, ಅಂಗಳ ಇಲ್ಲದಿದ್ದರೂ.
ಜುಲೇಖಾ ಮದರಂಗಿ. ನಾ ಮಲ್ಲಿಗಿ.
ನೀಲಗಂಗಾ ಏನೂ ತಗೊಳ್ಳಲಿಲ್ಲ.
ಒಂದೊಂದ ಎಲಿ ತಿರುವಿ ಒಳಮೈ ನೋಡಿದ್ಲು,
ಹೊಲಿಗಿ ನೋಡೂವಂಗ.
ಹನ್ನೊಂದ ತಿಂಗಳಿಗೊಮ್ಮೆ ಅಕಿ ಕರಾರ ಮುಗಿತದ,
ಬಾಡಗಿ ಖೋಲಿ ಬದಲಾಗತದ.
ಬಾಳಿವೇಸದಾಗ ಒಂದ ಕರಿಬೇವು,
ಶೆಳಗ್ಯಾಗ ಒಂದ ತುಳಸಿ ಬಿಟ್ಟ ಬಂದಾಳ.
ಆ ಓಣಿ ಹಾಯೂ ಮುಂದ ಈಗೂ
ಗ್ವಾಡಿ ಮ್ಯಾಲಿಂದ ಇಣಕತಾಳ.
'ಎತ್ತಿಟ್ಟರ ಸಿಟ್ಟಾಗದ ಗಿಡಾ ಅದ ಏನ್ರಿ?'

ಮಾಲಕ ಬಹಳ ಹೊತ್ತು ಪೈಪು ಹಿಡಕೊಂಡು ನಿಂತ.
ನೀರು ಅವನ ಚಪ್ಪಲಿ ಮ್ಯಾಲೆ ಹರೀತಿತ್ತು.
ಆಮ್ಯಾಲೆ ಮೂಲ್ಯಾಗಿನ ಬ್ರಹ್ಮಕಮಲದ
ಒಂದ ಎಲಿ ಮುರದು ಕೈಯಾಗಿಟ್ಟ.
'ಇದಕ್ಕ ಎಲಿನ ಬೇರು. ರೊಕ್ಕ ಬ್ಯಾಡ.
ಎಲ್ಲಿ ಹಚ್ಚತಿ, ಅಲ್ಲಿ.'

ನಮ್ಮ ಕಡಿ ಗಿಡಾನೂ ಹಚ್ಚತೀವಿ,
ದೀಪಾನೂ ಹಚ್ಚತೀವಿ, ಅರಿಷಿಣಾನೂ,
ಗುಂಡಿನೂ ಹಚ್ಚತೀವಿ ದಿನಕ್ಕ ಆರನೂರು.
ಒಂದ ಶಬ್ದಕ್ಕ ಎಷ್ಟ ದಗದ.
ಹಚಗೊಂಡರ ಮಾತ್ರ
ಬಿಡಸೂದು ತ್ರಾಸ.

ತಿರುಗಿ ಬರೂ ಮುಂದ ಟಮಟಮದಾಗ
ದಾಳಿಂಬಿ ಮುಳ್ಳು ಡ್ರೈವರನ ಕಿವಿಗೆ ಚುಚ್ಚಿ
'ಇದಕ್ಕೂ ಅರ್ಧಾ ಚಾರ್ಜು' ಅಂದ ಅವ.
ನೀಲಗಂಗಾ ಎಲಿನ್ನ
ಬಿಳಿ ಅರಿವಿ ತುಂಡಿನ್ಯಾಗ ಸುತ್ತಿ ಹಿಡಕೊಂಡು
ದಾರಿತುಂಬ ಮಾತಾಡಲಿಲ್ಲ.

ಸೋಮವಾರ ಮಶೀನಿಗೆ ಕೂತಾಗ
ಅಕಿ ಉಗರಾಗ ಇನ್ನಾ ಮಣ್ಣಿತ್ತು.
ಬಿಳಿ ಅಂಗಿ ಕಿಸೆದ ಒಳಮೈಗೆ
ಬಟ್ಟಿನ ಗುರುತು, ಗೋದಿಕಾಳಿನಷ್ಟು.
ನಾ ನೋಡಿದೆ. ನಾ ನೋಡಿದ್ದು ಅಕಿ ನೋಡಿದ್ಲು.
ಮುಕಾದಮ ಬರೂದ್ರಾಗ ಕಿಸೆ ಮಗಚಿ
ಮೂರೂ ಕಡಿ ಹೊಲದು ಬಿಟ್ಲು.
ಜೂನದಾಗ ಯಾವದೋ ಊರಿನ ಯಾವದೋ ಹುಡುಗ
ಅದರಾಗ ಪೆನ್ನು ಇಡತಾನ.