ಸವೆಯದ ಮಡಿಕೆ

ಎರ್ಜುರುಮಿನಲ್ಲಿ ಏಪ್ರಿಲ್ ಬಂದರೂ
ಹಿಮ ಚರಂಡಿಯ ಪಕ್ಕ ಕರಿಹಿಡಿದು ಕೂತಿದೆ.
ದೊಡ್ಡಪ್ಪ ಫೆಹ್ಮಿ ಅಡುಗೆಮನೆಯ ಮೇಜಿನ ಮೇಲೆ
ಭೂಪಟ ಹಾಸಿದ್ದಾನೆ, ರೊಟ್ಟಿಯ ಹಿಟ್ಟು ಒರೆಸದೆ.
ಕಪ್ಪು ಸಮುದ್ರದ ದಡಕ್ಕೆ ಒಂದಿಷ್ಟು ಬಿಳಿ ಮೆತ್ತಿದೆ.
"ಆ ಫೋನು ಒಳಗಿಡು" ಅಂದ.

ಫೋನು ಆಗಲೇ ಹೇಳಿ ಮುಗಿಸಿತ್ತು:
ಆಲ್ಮಾಟಿಗೆ ಇಷ್ಟು ಕಿಲೋಮೀಟರು, ಇಷ್ಟು ಗಂಟೆ,
ಒಂದು ನೀಲಿ ಗೆರೆ, ಕೂದಲೆಳೆಯಷ್ಟು ನಯ,
ಯಾರೂ ಎಲ್ಲೂ ಉಚ್ಚೆಗೂ ನಿಲ್ಲಿಸದ ಹಾಗೆ.

ಲಾರಿ ನನ್ನದಲ್ಲ. ಲೈಸೆನ್ಸು ನನ್ನದು, ಆರು ವಾರದ ಕೂಸು.
ಹೇರು: ಬಟ್ಟೆ ಒಗೆಯುವ ಯಂತ್ರ, ನೂರ ಎಂಬತ್ತು.
ಚಹಾದಂಗಡಿಯಲ್ಲಿ ಪಂದ್ಯ ಕಟ್ಟಿದ್ದಾರಂತೆ,
ನುರ್ಜಿಹಾನ್ ಯಾವ ಗಡಿಯಿಂದ ವಾಪಸು ಬರುತ್ತಾಳೆ ಅಂತ.

ದೊಡ್ಡಪ್ಪ ಸಕ್ಕರೆ ಡಬ್ಬಿ ತೆಗೆದ.
ನಮ್ಮಲ್ಲಿ ಸಕ್ಕರೆಯನ್ನು ಲೋಟಕ್ಕೆ ಹಾಕುವುದಿಲ್ಲ,
ಕಲ್ಲಿನಂಥ ಹರಳನ್ನು ಹಲ್ಲಲ್ಲಿ ಕಚ್ಚಿ
ಅದರ ಮೇಲೆ ಕಹಿಯನ್ನು ಹಾಯಿಸುತ್ತೇವೆ.
ಇವತ್ತು ಒಂದೊಂದು ಹರಳೂ ಒಂದೊಂದು ಗಡಿ.

"ಪೊಸೋಫಿನ ಏರಿನಲ್ಲಿ ಸರಪಳಿ ಬಿಚ್ಚಬೇಡ,
ಬಿಸಿಲಿದ್ದರೂ ಬಿಚ್ಚಬೇಡ.
ಜಾರ್ಜಿಯದವರು ನಗುತ್ತಾರೆ, ನಗಲಿ,
ಕಾಗದ ಮಾತ್ರ ಮೂರು ಪ್ರತಿ.
ತಿಬಿಲಿಸಿಯ ಹೊಟ್ಟೆಯೊಳಗೆ ಹೊಕ್ಕಬೇಡ, ಬಳಸಿ ಹೋಗು.
ಕಿಲೋಮೀಟರಲ್ಲಿ ಅಳೆಯುವವಳು
ಮೊದಲ ರಾತ್ರಿಯೇ ನಿದ್ದೆ ಕೆಡುತ್ತಾಳೆ. ಮುದ್ರೆಯಲ್ಲಿ ಅಳೆ.
ಇಲ್ಲಿಂದ ಅಲ್ಲಿಗೆ ಹತ್ತೊಂಬತ್ತು ಮುದ್ರೆ,
ಐದು ತೂಕದ ಕಟ್ಟೆ, ಒಂದು ಸಮುದ್ರ."

ಸಮುದ್ರದ ಮೇಲೆ ಚಹಾ ತಟ್ಟೆ ಇಟ್ಟ.
ಕ್ಯಾಸ್ಪಿಯನ್ ಸರಿಯಾಗಿ ಮುಚ್ಚಿಹೋಯಿತು.
"ಅಲಾತ್ ರೇವಿನ ಹಡಗಿಗೆ ವೇಳಾಪಟ್ಟಿ ಇಲ್ಲ.
ಗಾಳಿ ಬಿದ್ದರೆ ಹೊರಡುತ್ತದೆ, ಹೊಟ್ಟೆ ತುಂಬಿದರೆ ಹೊರಡುತ್ತದೆ.
ನಾನು ಹನ್ನೊಂದು ದಿನ ಕಾದೆ. ಜುಲೈ. ಟೊಮೇಟೊ ಹೇರು."
ಒಲೆಯ ಕಡೆ ಮುಖ ಮಾಡಿದ್ದ ಹಾಜೆರ್ ದೊಡ್ಡಮ್ಮ
ಸೌಟನ್ನು ಪಾತ್ರೆಯ ಅಂಚಿಗೆ ಎರಡು ಸಲ ಬಡಿದಳು.

ಆಮೇಲಿನದು ನನಗೆ ಬಾಯಿಪಾಠ.
ಹಲ್ಲು ಬೀಳುವ ವಯಸ್ಸಿನಿಂದ ಕೇಳಿದ್ದು:
ಆಕ್ತಾವಿನ ಬಂಡೆಗಳು, ಲಾರಿಯ ಉಪ್ಪು ನೆಕ್ಕುವ ಒಂಟೆ,
ಬೇಯ್ನೆವು ದಾಟಿ ಒಂದು ಬಾವಿ, ಗಡಗಡೆ ಹಸಿರು ಬಣ್ಣದ್ದು,
ಆ ನೀರು ಕುಡಿದರೆ ಮೂರು ದಿನ ನಿದ್ದೆ ಬರದು.
ಅವನು ಹೇಳುತ್ತ ಹೋದ, ನಾನು
ಅವನ ಬೆರಳಿನ ಹಿಂದೆ ಹೋದೆ,

ಹೋಗುವಾಗ ಕಾಗದ ನೋಡಿದೆ.
ತಟ್ಟೆಯ ಈಚೆಗೆ ಪ್ರತಿ ಮಡಿಕೆಯೂ ಹರಿದು
ಬಟ್ಟೆಪಟ್ಟಿ ಅಂಟಿಸಿಕೊಂಡಿದೆ,
ಗ್ರೀಸು, ಪೆನ್ಸಿಲ್ ಲೆಕ್ಕ, ಯಾರದೋ ದೂರವಾಣಿ ಸಂಖ್ಯೆ,
ಬಾಟುಮಿಯ ಮೇಲೆ ಸಿಗರೇಟು ಸುಟ್ಟ ತೂತು.
ತಟ್ಟೆಯ ಆಚೆಗೆ
ಕಜಾಕಸ್ತಾನ ಅಂಗಡಿಯಿಂದ ತಂದ ಹಾಗೇ ಇದೆ.
ಮಡಿಕೆಗಳು ಇನ್ನೂ ಗರಿಗರಿ.

ಟೊಮೇಟೊ ಎಷ್ಟು ದಿನ ತಾಳುತ್ತದೆ?
ಇಪ್ಪತ್ತಾರು ವರ್ಷದಲ್ಲಿ
ನಾವು ಯಾರೂ ಈ ಲೆಕ್ಕ ಹಾಕಿರಲಿಲ್ಲ. ದೊಡ್ಡಮ್ಮ ಹಾಕಿದ್ದಳು.

ಕೇಳಬಹುದಿತ್ತು. ಬಾಯಿಯ ತನಕ ಬಂತು.
ಅಷ್ಟರಲ್ಲಿ ಅವನು ಲೋಟ ಇಡಲೆಂದು
ಸಮುದ್ರವನ್ನು ಎತ್ತಿಕೊಂಡ. ಅಡಿಯಲ್ಲಿ ಒದ್ದೆ ಉಂಗುರ,
ಅರ್ಧ ಬಾಕು, ಅರ್ಧ ಆಕ್ತಾವು.
ಆ ಕಡೆಯ ಕಾಗದಕ್ಕೆ ಬಿದ್ದ ಮೊದಲ ಕಲೆ.
ಅವನು ತೋಳಿನಿಂದ ಒರೆಸಹೋದ, ನಾನು ಬೇಡ ಅಂದೆ.

ಆಕ್ತಾವಿನ ಹರಳನ್ನು ತೆಗೆದು ಹಲ್ಲಿನಲ್ಲಿ ಕಚ್ಚಿದೆ,
ಚಹಾ ಹಾಯಿಸಿದೆ. ಪೆನ್ಸಿಲ್ ತಗೊಂಡೆ.
"ಆ ಬಾವಿ," ಕೇಳಿದೆ, "ಬೇಯ್ನೆವು ದಾಟಿದ ಮೇಲೆ
ಎಡಕ್ಕೋ, ಬಲಕ್ಕೋ?"

ದೊಡ್ಡಪ್ಪ ಕಿಟಕಿಯ ಕಡೆ ನೋಡಿದ.
ಹೊರಗೆ ಯಾರೋ ಸಲಿಕೆಯಿಂದ ಕರಿಹಿಮ ಕೆರೆಯುತ್ತಿದ್ದರು.
"ಎಡಕ್ಕೆ" ಅಂದ. ಆಮೇಲೆ, ತುಸು ತಡೆದು,
"ಹತ್ತಿರವೇ. ಕೂಗಳತೆ."

ಎಡಕ್ಕೆ ಅಂತ ಬರೆದುಕೊಂಡೆ.
ಗಡಗಡೆಯ ಬಣ್ಣವನ್ನೂ.