ತಣ್ಣನೆಯ ಒಲೆಯ ಸರದಿ

ಪೋರ್ಚುಗಲ್ಲಿನ ಉತ್ತರದ ಗುಡ್ಡಗಳಲ್ಲಿ ನಮ್ಮ ಫೊಂತೆಲ.
ಸಾರಿಗೆ ಮನೆಮನೆಗೂ ಒಲೆಯಿತ್ತು,
ರೊಟ್ಟಿಗೆ ಮಾತ್ರ ಊರಿಗೆಲ್ಲ ಒಂದೇ:
ಇಗರ್ಜಿಯ ಬೆನ್ನಿಗೆ, ಕಲ್ಲಿನ ಗುಮ್ಮಟದ್ದು,
ಒಳಗೆ ಕತ್ತೆಯೊಂದು ಮಲಗುವಷ್ಟು ಅಗಲ.
(ಒಮ್ಮೆ ಮಲಗಿತ್ತಂತೆ. ಅದು ಬೇರೆ ಕತೆ.)

ಶನಿವಾರ ಸುಡುವ ದಿನ. ಹನ್ನೊಂದು ಮನೆ, ಹನ್ನೊಂದು ಸರದಿ.
ಮೊದಲ ಸರದಿ ಯಾರಿಗೂ ಬೇಡ.
ವಾರವಿಡೀ ತಣ್ಣಗೆ ಬಿದ್ದ ಕಲ್ಲು
ಗಾಡಿ ಸೌದೆ ನುಂಗಿದರೂ ತೇಗುವುದಿಲ್ಲ.
ಎರಡನೆಯವರಿಗೆ ಅರ್ಧ ಹೊರೆ ಸಾಕು,
ಐದನೆಯವರಿಗೆ ಒಂದು ಹಿಡಿ ಪುಳ್ಳೆ.
ಅದಕ್ಕೇ ಸರದಿ ತಿರುಗಬೇಕು, ಅದು ನ್ಯಾಯ;
ನ್ಯಾಯವನ್ನು ಹಲಗೆಯ ಮೇಲೆ ಬರೆಯುವವಳು
ನನ್ನಜ್ಜಿ ಎಫಿಜೇನಿಯ.
ಅವಳ ಕಣ್ಣಿಗೆ ಪೊರೆ ಬಂದ ವರ್ಷ
ಸೀಮೆಸುಣ್ಣ ನನ್ನ ಕೈಗೆ ಬಂತು.
ನನಗಾಗ ಒಂಬತ್ತು.

ಮೂರನೇ ಶನಿವಾರ ಅಬೀಲಿಯು ಬಂದ.
ಮೇಕೆ ಕಾಯುವವನು, ಐವತ್ತು ದಾಟಿದ ಒಂಟಿ,
ಮಾತಿನಲ್ಲಿ ಕಡುಬಡವ.
ನನ್ನ ಜೇಬಿಗೆ ಏಳು ಅಕ್ರೋಟು ಸುರಿದು ಹೇಳಿದ:
"ದೆಯೊಲಿಂಡಳಿಗೆ ಮೊದಲ ಸರದಿ ಬಂದಾಗಲೆಲ್ಲ
ಅಲ್ಲಿ ನನ್ನ ಹೆಸರು ಬರೆ.
ಅವಳದ್ದು ನನ್ನ ಜಾಗಕ್ಕೆ."
"ಯಾಕೆ?"
"ಅವಳ ಮನೆಯಲ್ಲಿ ಸೌದೆ ಕಡಿಯುವವರಿಲ್ಲ."
ಆಮೇಲೆ, ಬಹಳ ಹೊತ್ತು ಬಿಟ್ಟು,
ಮೇಕೆಯ ಕಿವಿಯಲ್ಲಿ ಹೇಳುವಂತೆ:
"ಯಾರಿಗೂ ಹೇಳಬೇಡ."

ನ್ಯಾಯದ ಬೆಲೆ ಏಳು ಅಕ್ರೋಟು.
ನಾನು ಬರೆದೆ. ನಾಲ್ಕು ವರ್ಷ ಬರೆದೆ.
ಬೆಲೆ ಹನ್ನೆರಡಕ್ಕೇರಿತು; ಚೌಕಾಸಿ ಕಲಿತಿದ್ದೆ.

ದೆಯೊಲಿಂಡ ಮಗ್ಗದವಳು.
ಗಂಡ ತೀರಿದ ಮೇಲೆ ಊರಿನ ಕಂಬಳಿಗಳೆಲ್ಲ
ಅವಳ ಕಿಟಕಿಯಿಂದಲೇ ಹೊರಬರುತ್ತಿದ್ದವು.
ನೇಯುವವಳ ಬೆರಳು ಎಳೆ ಎಣಿಸಿ ಎಣಿಸಿ
ಬಾಕಿ ಎಲ್ಲವನ್ನೂ ಎಣಿಸುತ್ತದೆ.
ಒಂದು ಸಂಜೆ ಹಲಗೆಯ ಮುಂದೆ ನಿಂತಳು.
"ಹದಿನೆಂಟು ಸಲ ನನಗೆ ತಣ್ಣನೆಯ ಒಲೆ ಸಿಗಬೇಕಿತ್ತು.
ಒಂದೂ ಸಿಕ್ಕಿಲ್ಲ. ಯಾರು?"
ನಾನು ಉತ್ತರಿಸುವ ಹಾಗಿರಲಿಲ್ಲ,
ಬಾಯಿ ತುಂಬ ಅಕ್ರೋಟು.
ಊರಿನಲ್ಲಿ ಅಕ್ರೋಟಿನ ಮರ ಇದ್ದದ್ದು
ಒಬ್ಬನ ಅಂಗಳದಲ್ಲಿ ಮಾತ್ರ.
ಅವಳು ಹೆಚ್ಚೇನೂ ಕೇಳದೆ ಹೋದಳು.
ಆ ರಾತ್ರಿ ಮಗ್ಗದ ಸದ್ದು ಬರಲಿಲ್ಲ.

ಜನವರಿ. ಕೊಳದ ನೀರು ಗಾಜಾದ ಬೆಳಗಿನ ಜಾವ
ದೆಯೊಲಿಂಡ ನನ್ನ ಕಂಬಳಿ ಕಿತ್ತೆಸೆದಳು:
"ಏಳು, ಲಾಟೀನು ಹಿಡಿ.
ಲಂಚ ತಿಂದವಳು ಸಾಕ್ಷಿಯೂ ಆಗಬೇಕು."
ಅವಳ ತಲೆಯ ಮೇಲೆ ಓಕ್ ಸೌದೆಯ ಹೊರೆ,
ಕಂಕುಳಲ್ಲಿ ರೈ ಹಿಟ್ಟಿನ ಮರಿಗೆ,
ಅಂಗೈ ತುಂಬ ಕೊಡಲಿಯ ಹೊಸ ಬೊಬ್ಬೆ.

ಅವನು ಮೊಣಕಾಲೂರಿ ಕಿಡಿಗೆ ಉಸಿರೂದುತ್ತಿದ್ದ,
ಮೀಸೆಯ ಮೇಲೆ ಬೂದಿ.
ನೋಡಿದ. ಎದ್ದ. ತಲೆ ಗುಮ್ಮಟಕ್ಕೆ ಬಡಿಯಿತು.
ಟೋಪಿ ಬೆಂಕಿಗೆ ಬಿತ್ತು.
ಯಾರೂ ಅದನ್ನು ಎತ್ತಲಿಲ್ಲ.
"ಸರಿ ಆ ಕಡೆ," ಅಂದಳು.
ಸರಿದ. ಇಬ್ಬರು ಕೂರುವಷ್ಟೇ ಸರಿದ.

ಆ ದಿನ ಕಲ್ಲು ಬೇಗ ಬಿಸಿಯಾಯಿತೆಂದರೆ
ನೀವು ನಂಬಬೇಕಾಗಿಲ್ಲ. ಟೋಪಿ ಉಣ್ಣೆಯದ್ದು,
ಹೊಗೆ ಮಾತ್ರ ಬಹಳ ಬಂತು;
ಇಬ್ಬರ ಕಣ್ಣಲ್ಲೂ ನೀರು, ಅದರ ನೆಪಕ್ಕೆ.
ಅವನ ಹಿಟ್ಟು ಮುಟ್ಟಿ ನೋಡಿ ಅವಳು ನಕ್ಕಳು:
"ದೇವರೇ, ನಾಲ್ಕು ವರ್ಷ ಇದನ್ನು ತಿಂದೆಯಾ?"
ಮತ್ತೆ ನಾದಿದಳು, ಮೊಣಕೈವರೆಗೆ ತೋಳೇರಿಸಿ.
ಅವನ ಮನೆಯ ಗುರುತು ಒಂದು ಹೆಬ್ಬೆಟ್ಟು.
ಅವಳದ್ದು ಮೂರು ಬೆರಳು.
ಬೆಳಕು ಹರಿದಾಗ ಹೊರಬಂದ ರೊಟ್ಟಿಗಳಲ್ಲಿ
ಒಂದರ ಮೇಲೆ ನಾಲ್ಕೂ ಇದ್ದವು.
ಅದನ್ನು ಮುರಿದದ್ದು ನಾನು. ಸಾಕ್ಷಿಯ ಪಾಲು.

ವಸಂತಕ್ಕೆ ಹಲಗೆಯ ಮೇಲೆ ಹತ್ತೇ ಗೆರೆ.
ಗಟ್ಟಿಯಾಗಿ ಓದಿದೆ. ಅಜ್ಜಿ ಬೆಚ್ಚಲಿಲ್ಲ.
"ನನಗೆ ಕಣ್ಣಷ್ಟೇ ಕಾಣದು ಮಗಳೇ,
ನಾಲ್ಕು ವರ್ಷ ಹಾಸಿಗೆಯಲ್ಲಿ ಅಕ್ರೋಟು ಒಡೆದದ್ದು
ಕೇಳಿಸುತ್ತಿತ್ತು."

ಅಕ್ರೋಟು ಬರುವುದು ಅಲ್ಲಿಗೆ ನಿಂತಿತು.