ಯಾರ ಪೈಕಿ

ಔರಾದಿನಾಚೆ, ಗಡಿಕಲ್ಲಿಗೆ ಬೆನ್ನು ಕೊಟ್ಟ ಮನೆ.
ಗಣತಿಯ ಹಾಳೆ ಬಿಡಿಸಿ ಕೇಳಿದೆ:
‘ಮಾತೃಭಾಷೆ?’
ಸುಂದರಾಬಾಯಿ ನಕ್ಕಳು.
‘ನಮ್ಮವ್ವಂದು ತೆಲುಗು.
ನನ್ನ ಎತ್ತಿ ಆಡಿಸಿದಾಕಿ ಮಗ್ಗಲ ಮನಿ ಖಾಲಾ.
ಎಮ್ಮಿಗೆ ಮರಾಠಿ ಅಷ್ಟೇ ತಿಳೀತದ.
ನಿಮ್ಮ ಕೂಡ ಈಗ ಇದು.’
ಎಮ್ಮೆಗೆ ಕಾಲಂ ಇರಲಿಲ್ಲ.

‘ಹಂಗಾದ್ರ ನೀವು ಯಾರ ಪೈಕಿ?’

ಆಕೆ ರೊಟ್ಟಿಗೆ ನೀರು ಸವರಿ
ಹಂಚಿನ ಮೇಲೆ ಮಗುಚಿದಳು.
‘ಮೊದಲು ಉಣ್ರಿ.’
ಪುಂಡಿಪಲ್ಯ, ಶೇಂಗಾಹಿಂಡಿ, ಒಂದು ಉಳ್ಳಾಗಡ್ಡಿ.

ತುತ್ತಿಗೆ ಮುಂಚೆ
ರೊಟ್ಟಿಯ ಅಂಚು ಚಿವುಟಿ ತಾಟಿನ ಹೊರಗಿಟ್ಟೆ.
ಹಾಗಿಡುತ್ತೇನೆಂದು
ಈ ನಲವತ್ತು ವರ್ಷ ನನಗೇ ಗೊತ್ತಿರಲಿಲ್ಲ.

ಆಕೆಯ ಕೈ ನಿಂತಿತು.
‘ನಿಮ್ಮಜ್ಜಿ ಮಾಂಜರಾ ದಂಡಿಯಾಕಿ ಏನ್ರಿ, ಮಾಸ್ತರ?’

ಜೇಬಿನಲ್ಲಿ ಪೆನ್ನು ಸೋರಿತ್ತು.
ಕೇಳದೆಯೇ ಬಿತ್ತು ತಾಟಿಗೆ
ಇನ್ನೊಂದು ರೊಟ್ಟಿ.